ಅಮ್ಮನ ಗಂಟಲು ಕಟ್ಟಿದರೆ ಮಗಳ ಎದೆ ಯಾಕೆ ಡವಡವ ಅನ್ನುತ್ತದೆ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಮೂರೂವರೆ ವರ್ಷ. ನಾಲ್ಕು ತಿಂಗಳ ಹಿಂದೆ ನಮ್ಮಪ್ಪ ತೀರಿಕೊಂಡರು. ಆವತ್ತಿನಿಂದ ಮಗಳ ಮುಂದೆ ಗಟ್ಟಿಯಾಗಿರಲು ನೋಡುತ್ತಿದ್ದೇನೆ. ಹೋದ ವಾರ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಟಿವಿಯಲ್ಲಿ ಆನೆಗಳ ಕಾರ್ಯಕ್ರಮ ನೋಡುತ್ತಿದ್ದೆ. ಒಂದು ಮರಿಯಾನೆ ಹಿಂಡಿನಿಂದ ಬೇರೆಯಾಗಿ ತಾಯಿಯನ್ನು ಹುಡುಕುತ್ತಿತ್ತು. ನನ್ನ ಗಂಟಲು ಕಟ್ಟಿತು. ಅಳಲಿಲ್ಲ, ಮಾತೂ ಆಡಲಿಲ್ಲ. ಆದರೂ ಮಗಳ ಎದೆ ಡವಡವ ಅನ್ನುವುದು ನನ್ನ ಅಂಗೈಗೆ ಗೊತ್ತಾಯಿತು. ನನ್ನ ಸ್ಮಾರ್ಟ್‌ವಾಚ್ ನನ್ನ ಎದೆಬಡಿತ 112 ಅಂತ ತೋರಿಸುತ್ತಿತ್ತು. ಅವಳು ಟಿವಿ ಬಿಟ್ಟು ತಿರುಗಿ ನನ್ನ ಮುಖವನ್ನೇ ನೋಡಿದಳು. ಗಾಬರಿಯಾಗಿ ಟಿವಿ ಆರಿಸಿಬಿಟ್ಟೆ. ಅತ್ತೆ, "ಮಗು ಮುಂದೆ ಸಂಕಟಪಡಬೇಡ, ಅದಕ್ಕೂ ತಾಗುತ್ತೆ" ಅನ್ನುತ್ತಾರೆ. ನಮ್ಮ ಯಜಮಾನರು, "ಆನೆ ನೋಡಿ ಹೆದರಿದಾಳೆ ಅಷ್ಟೇ" ಅನ್ನುತ್ತಾರೆ. ಯಾರು ಸರಿ? ಅವಳ ಮುಂದೆ ನಾನು ಅಳಲೇಬಾರದಾ? ಅವಳಿಗೂ ಒಂದು ವಾಚ್ ಕಟ್ಟಿ ನೋಡಲಾ?
– ಒಬ್ಬ ತಾಯಿ, ಹಾಸನ

ಉತ್ತರ: ಅಪ್ಪ ಹೋಗಿ ನಾಲ್ಕು ತಿಂಗಳು ಅಂದರೆ ಅದು ಇನ್ನೂ ನಿನ್ನೆ ಮೊನ್ನೆಯ ಮಾತು. ತಾಯಿಯನ್ನು ಹುಡುಕುವ ಮರಿಯಾನೆ ನೋಡಿ ನಿಮ್ಮ ಗಂಟಲು ಕಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಿಮ್ಮ ಪತ್ರದಲ್ಲಿ ಪ್ರಶ್ನೆಗಿಂತ ಜಾಸ್ತಿ ಅಪರಾಧಿ ಭಾವ ಕಾಣಿಸಿತು.

ಅತ್ತೆಯೂ ಸರಿ, ಯಜಮಾನರೂ ಸರಿ. ಇಬ್ಬರಿಗೂ ಬೇಜಾರಾಗದಿರಲಿ ಅಂತ ಹೀಗೆ ಹೇಳುತ್ತಿಲ್ಲ. ಆ ಎರಡು ನಿಮಿಷದಲ್ಲಿ ನಿಜಕ್ಕೂ ಎರಡೂ ನಡೆದಿರುತ್ತವೆ.

ತಾಯಿ ಮತ್ತು ಮಗುವಿನ ಎದೆಬಡಿತ, ಉಸಿರು, ಬೆವರು, ಮೈಶಾಖ ಒಟ್ಟೊಟ್ಟಿಗೆ ಏರಿ ಇಳಿಯುವುದಕ್ಕೆ ಸಂಶೋಧಕರು ಸಿಂಕ್ರನಿ ಅನ್ನುತ್ತಾರೆ. ನಾನು ಇಲ್ಲಿ ಜೊತೆಮಿಡಿತ ಅಂತ ಕರೆಯುತ್ತೇನೆ. ಹಾಗಂದರೆ ಇಬ್ಬರ ಬಡಿತದ ಸಂಖ್ಯೆ ಒಂದೇ ಆಗುತ್ತದೆ ಅಂತ ಅಲ್ಲ. ದೊಡ್ಡವರ ಎದೆ ಸುಮ್ನೆ ಕೂತಾಗ ನಿಮಿಷಕ್ಕೆ 60ರಿಂದ 100 ಸಲ ಬಡಿದರೆ, ನಿಮ್ಮ ಮಗಳ ವಯಸ್ಸಿನವರದು ಸುಮಾರು 80ರಿಂದ 120 ಸಲ ಬಡಿಯುತ್ತದೆ. ಅಮ್ಮನ ಕೈ ಹಿಡಿದು ಸಂತೆಗೆ ಹೋಗುವ ಮಗುವನ್ನು ನೆನಪಿಸಿಕೊಳ್ಳಿ. ಅಮ್ಮನ ಒಂದು ಹೆಜ್ಜೆಗೆ ಅದು ಎರಡು ಹೆಜ್ಜೆ ಇಡುತ್ತದೆ. ಆದರೆ ಅಮ್ಮ ಜೋರಾಗಿ ನಡೆದರೆ ಅದೂ ಜೋರು, ಅಮ್ಮ ನಿಂತರೆ ಅದೂ ನಿಲ್ಲುತ್ತದೆ. ಜೊತೆಮಿಡಿತವೂ ಹಾಗೆಯೇ.

ಈಗ ನಿಮ್ಮ ಯಜಮಾನರ ಮಾತು. ಒಂದೇ ದೃಶ್ಯ ನೋಡುವ ಯಾರೇ ಇಬ್ಬರ ಎದೆಬಡಿತವೂ ಒಂದೇ ಜಾಗದಲ್ಲಿ ಏರಬಹುದು. ಬಸ್ಸಿಗೆ ಗಕ್ಕನೆ ಬ್ರೇಕ್ ಬಿದ್ದರೆ ಪಕ್ಕಪಕ್ಕ ಕೂತ ಅಪರಿಚಿತರ ಎದೆಯೂ ಒಟ್ಟಿಗೇ ಹಾರುತ್ತದೆ, ಅಲ್ವಾ? ಅದು ಬಾಂಧವ್ಯ ಅಲ್ಲ, ಬ್ರೇಕು. ಸಂಶೋಧಕರಿಗೂ ಈ ಅನುಮಾನ ಇದ್ದೇ ಇರುತ್ತದೆ. ಅದಕ್ಕೆ ಅವರು ಒಬ್ಬ ತಾಯಿಯ ದಾಖಲೆಯನ್ನು ಅದೇ ದೃಶ್ಯ ನೋಡಿದ ಬೇರೆ ಯಾರದೋ ಮಗುವಿನ ದಾಖಲೆಯ ಜೊತೆ ಜೋಡಿಸಿ ನೋಡುತ್ತಾರೆ. ನಿಜವಾದ ಜೋಡಿಯ ಹೊಂದಿಕೆ ಈ ಕಲಬೆರಕೆ ಜೋಡಿಗಿಂತ ಜಾಸ್ತಿ ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ನಿಮ್ಮ ಟಿವಿ ಪ್ರಸಂಗಕ್ಕೆ ತುಂಬಾ ಹತ್ತಿರದ ಒಂದು ಪ್ರಯೋಗ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಅದರ ವರದಿ ಬಂದದ್ದು 2019ರಲ್ಲಿ. ಮೂರು ವರ್ಷದ ಆಸುಪಾಸಿನ ಮಕ್ಕಳನ್ನು ಅಮ್ಮಂದಿರ ತೊಡೆಯ ಮೇಲೆ ಕೂರಿಸಿ ಕಾರ್ಟೂನಿನ ತುಣುಕುಗಳನ್ನು ತೋರಿಸಿದರು. ಒಟ್ಟು 31 ಜೋಡಿ. ಇಬ್ಬರ ತಲೆಗೂ ಬೆಳಕಿನ ಸಹಾಯದಿಂದ ಮಿದುಳಿನ ರಕ್ತದ ಹರಿವು ಅಳೆಯುವ ಟೋಪಿ ಹಾಕಿದ್ದರು. ಮಗುವನ್ನು ಸಾಕುವುದೇ ಭಾರವಾಗಿದೆ ಅಂದ ತಾಯಂದಿರಲ್ಲಿ, ಹಣೆಯ ಹಿಂಭಾಗದ ಒಂದು ಭಾಗದಲ್ಲಿ, ಮಗುವಿನೊಂದಿಗಿನ ಹೊಂದಿಕೆ ಕಡಿಮೆಯಿತ್ತು. ತೆರೆಯ ಮೇಲಿನ ಕಥೆ ಎಲ್ಲರಿಗೂ ಒಂದೇ ಆಗಿತ್ತು. ಅಂದರೆ ಏನು ನೋಡುತ್ತಿದ್ದೇವೆ ಅನ್ನುವಷ್ಟೇ, ಯಾರ ತೊಡೆಯ ಮೇಲೆ ಕೂತು ನೋಡುತ್ತಿದ್ದೇವೆ ಅನ್ನುವುದೂ ಮುಖ್ಯ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು, ಅವಳು ತಿರುಗಿ ನಿಮ್ಮ ಮುಖ ನೋಡಿದಳು ಅನ್ನುವುದು. ಮಕ್ಕಳಿಗೆ ಏನಾದರೂ ಅರ್ಥವಾಗದಿದ್ದರೆ ಅವರು ಅಮ್ಮನ ಮುಖ ಓದುತ್ತಾರೆ. 1985ರಲ್ಲಿ ಪ್ರಕಟವಾದ ಒಂದು ಹಳೆಯ ಪ್ರಯೋಗವಿದೆ. ಒಂದು ವರ್ಷದ ಮಕ್ಕಳನ್ನು ಗಾಜಿನ ಹಾಸಿನ ಮೇಲೆ ಬಿಟ್ಟರು. ಮಧ್ಯದಲ್ಲಿ ಗಾಜಿನ ಕೆಳಗೆ ತಗ್ಗು ಇದ್ದಂತೆ ಕಾಣುತ್ತಿತ್ತು. ಆ ಕಡೆ ಅಮ್ಮ ನಿಂತಿದ್ದಳು. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ನಿಮ್ಮ ಮಗಳೂ ಅದನ್ನೇ ಮಾಡಿದ್ದಾಳೆ. "ಅಮ್ಮಾ, ಇದು ಹೆದರುವ ವಿಷಯವಾ?" ಅಂತ ಮುಖ ನೋಡಿ ಕೇಳಿದ್ದಾಳೆ. ನೀವು ಟಿವಿ ಆರಿಸಿದ್ದು ಅವಳಿಗೆ ಉತ್ತರವಾಗಿ ಕಂಡಿರಬಹುದು. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ಅತ್ತೆಯ ಮಾತು. ಏನೂ ನೋಡದ ಮಗುವಿಗೂ ತಾಯಿಯ ಸಂಕಟ ತಾಗುತ್ತದಾ? ಸ್ಯಾರಾ ವಾಟರ್ಸ್, ಟೆಸ್ಸಾ ವೆಸ್ಟ್ ಮತ್ತು ವೆಂಡಿ ಮೆಂಡಿಸ್ ಅನ್ನುವ ಸಂಶೋಧಕಿಯರು 2014ರಲ್ಲಿ ಪ್ರಕಟಿಸಿದ ಕೆಲಸ ನೇರವಾಗಿ ಇದೇ ಪ್ರಶ್ನೆ ಕೇಳಿತು. 69 ತಾಯಂದಿರು, 12ರಿಂದ 14 ತಿಂಗಳ ಮಕ್ಕಳು. ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ, ತಾಯಂದಿರಿಗೆ ಅಪರಿಚಿತರ ಮುಂದೆ ಭಾಷಣ ಮಾಡಲು ಹೇಳಿದರು. ಕೆಲವರ ಮುಂದೆ ಕೂತವರು ತಲೆಯಾಡಿಸಿ ನಕ್ಕರು. ಇನ್ನು ಕೆಲವರ ಮುಂದೆ ಕೂತವರು ಹುಬ್ಬು ಗಂಟಿಕ್ಕಿ, ತಲೆ ಅಡ್ಡಡ್ಡ ಆಡಿಸಿದರು. ಮೂರನೆಯ ಗುಂಪಿನವರಿಗೆ ಎದುರಿಗೆ ಯಾರೂ ಇರಲಿಲ್ಲ. ಆಮೇಲೆ ಮಕ್ಕಳನ್ನು ತಂದು ಅಮ್ಮಂದಿರ ಮಡಿಲಿಗೆ ಕೊಟ್ಟರು. ಆ ಮಕ್ಕಳು ಭಾಷಣ ಕೇಳಿರಲಿಲ್ಲ, ಗಂಟಿಕ್ಕಿದ ಮುಖಗಳನ್ನೂ ನೋಡಿರಲಿಲ್ಲ. ಆದರೂ ಕೆಲವೇ ನಿಮಿಷದಲ್ಲಿ ಅವರ ಎದೆಬಡಿತ ಅಮ್ಮನ ದಾರಿ ಹಿಡಿಯಿತು. ಅಪರಿಚಿತರ ಎದುರು ಮಾತಾಡಿ ಬಂದ ತಾಯಂದಿರ ಮಕ್ಕಳು, ಎದುರಿಗೆ ಯಾರೂ ಇಲ್ಲದಿದ್ದವರ ಮಕ್ಕಳಿಗಿಂತ, ಹೊಸಬರನ್ನು ಕಂಡಾಗ ಜಾಸ್ತಿ ಹಿಂಜರಿದವು.

ಇದೇ ತಂಡ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆಲವು ಮಕ್ಕಳನ್ನು ಅಮ್ಮನ ತೊಡೆಯ ಮೇಲೆ, ಕೆಲವನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ನೋಡಿತು. ತಾಯಿ ಒತ್ತಡದಲ್ಲಿದ್ದಾಗ ಅದು ಹೆಚ್ಚು ದಾಟಿದ್ದು ತೊಡೆಯ ಮೇಲಿದ್ದ ಮಕ್ಕಳಿಗೆ. ಇದರಲ್ಲಿ ಮಾಯವೇನೂ ಇಲ್ಲ. ಗಂಟಲು ಕಟ್ಟಿದಾಗ ನೀವು ಉಸಿರು ಹಿಡಿಯುತ್ತೀರಿ. ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ಮಗುವನ್ನು ಹಿಡಿದ ಕೈ ನಿಮಗೇ ಗೊತ್ತಿಲ್ಲದೆ ಸ್ವಲ್ಪ ಗಟ್ಟಿಯಾಗುತ್ತದೆ. ಮಗುವಿನ ಬೆನ್ನು ನಿಮ್ಮ ಎದೆಗೆ ತಾಗಿರುತ್ತದೆ. ಇಷ್ಟೆಲ್ಲ ಸುದ್ದಿ ಒಂದು ಮಾತೂ ಇಲ್ಲದೆ ತಲುಪುತ್ತದೆ. ಲಸಿಕೆ ಹಾಕಿಸುವ ಜಾಗದಲ್ಲಿ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ನರ್ಸಮ್ಮ ಸಿರಿಂಜ್ ಎತ್ತುತ್ತಾರೆ. ಅಮ್ಮ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯುತ್ತಾಳೆ. ಸೂಜಿ ಇನ್ನೂ ತಾಗಿರುವುದಿಲ್ಲ, ಮಗು ಆಗಲೇ ಅಳಲು ಶುರು ಮಾಡಿರುತ್ತದೆ.

ಆದರೆ ಇದು ಒಮ್ಮುಖ ದಾರಿ ಅಲ್ಲ. ಇಟಲಿಯ ಕಿಯೇತಿ ಊರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಇಷ್ಟ. ಮೂರು-ಮೂರೂವರೆ ವರ್ಷದ ಮಗುವಿಗೆ ಒಂದು ಆಟಿಕೆ ಕೊಡುತ್ತಾರೆ. ಅದು ಮುಟ್ಟಿದರೆ ಮುರಿಯುವಂತೆ ಮೊದಲೇ ಮಾಡಿಟ್ಟದ್ದು. ಮಗುವಿನ ಕೈಯಲ್ಲಿ ಅದು ಮುರಿಯುತ್ತದೆ. ಮಗು ತಾನೇ ತಪ್ಪು ಮಾಡಿದೆ ಅಂತ ಕುಗ್ಗುತ್ತದೆ. ಆಮೇಲೆ, "ನಿನ್ನ ತಪ್ಪಲ್ಲ ಪುಟ್ಟ" ಅಂತ ಸಮಾಧಾನ ಮಾಡುತ್ತಾರೆ. ಅಮ್ಮ ಇದನ್ನೆಲ್ಲ ಒಂದೇ ಕಡೆಯಿಂದ ಕಾಣುವ ಗಾಜಿನ ಆಚೆ ನಿಂತು ನೋಡುತ್ತಿರುತ್ತಾಳೆ. ಥರ್ಮಲ್ ಕ್ಯಾಮೆರಾ ಇಬ್ಬರ ಮುಖದ ಶಾಖವನ್ನೂ ಅಳೆಯುತ್ತಿರುತ್ತದೆ. ಆತಂಕವಾದಾಗ ಮೂಗಿನ ತುದಿಯ ರಕ್ತನಾಳಗಳು ಕಿರಿದಾಗಿ ಮೂಗು ತಣ್ಣಗಾಗುತ್ತದೆ. ಮಗುವಿನ ಮೂಗು ತಣ್ಣಗಾದಾಗ ಗಾಜಿನ ಆಚೆಗಿದ್ದ ಅಮ್ಮನ ಮೂಗೂ ತಣ್ಣಗಾಯಿತು. ಮಗು ಸಮಾಧಾನಗೊಂಡು ಶಾಖ ಏರಿದಾಗ ಅಮ್ಮನದೂ ಏರಿತು. ಮುಟ್ಟಿರಲಿಲ್ಲ, ಮಗುವಿಗೆ ಅಮ್ಮ ಕಾಣುತ್ತಲೂ ಇರಲಿಲ್ಲ. ಬೇರೆ ಹೆಂಗಸರಿಗೆ ಹೀಗಾಗುವುದಿಲ್ಲವಾ ಅಂತ ಮರುವರ್ಷ ನೋಡಿದರು. ಅವರಿಗೂ ಆಗುತ್ತದೆ. ಆದರೆ ಸ್ವಂತ ಮಗುವಾದರೆ ತಾಯಿಯ ಮೈ ಇನ್ನೂ ಬೇಗ ಸ್ಪಂದಿಸುತ್ತದೆ.

ನಮ್ಮಲ್ಲಿ ಕರುಳು ಚುರುಕ್ ಅಂತು ಅನ್ನುತ್ತಾರೆ. ಕನ್ನಡದವರು ಈ ಅನುಭವವನ್ನು ಮನಸ್ಸಿನಲ್ಲಿ ಇಡಲಿಲ್ಲ, ಹೊಟ್ಟೆಯೊಳಗಿನ ಕರುಳಿನಲ್ಲಿ ಇಟ್ಟರು. ಎದೆಬಡಿತವನ್ನು ನಿಧಾನ ಮಾಡುವ ವೇಗಸ್ ಅನ್ನುವ ಉದ್ದದ ನರ ಮಿದುಳಿನ ಬುಡದಿಂದ ಹೊರಟು ಎದೆಯ ಮೂಲಕ ಕರುಳಿನವರೆಗೂ ಇಳಿಯುತ್ತದೆ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಹಾಗಾದರೆ ಅವಳ ಮುಂದೆ ಅಳಬಾರದಾ? ಅಳಬಹುದು. ಮುಚ್ಚಿಡುವುದಕ್ಕಿಂತ ಅದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಎಡ್ವರ್ಡ್ ಟ್ರೋನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1975ರಲ್ಲಿ ಒಂದು ಪ್ರಯೋಗವನ್ನು ಜನರ ಮುಂದಿಟ್ಟರು. ಕೆಲವೇ ತಿಂಗಳ ಮಗುವಿನ ಜೊತೆ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ಮಾಡಿಕೊಳ್ಳುತ್ತಾಳೆ. ಬೈಯುವುದಿಲ್ಲ, ಅಳುವುದಿಲ್ಲ, ಸುಮ್ನೆ ನೋಡುತ್ತಾಳೆ. ಮಗು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ. ಯಾವುದಕ್ಕೂ ಉತ್ತರ ಬರದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಮಗುವಿಗೆ ಕಷ್ಟವಾದದ್ದು ಅಮ್ಮನ ದುಃಖದಿಂದ ಅಲ್ಲ, ಉತ್ತರ ಕೊಡದ ಮುಖದಿಂದ. ನೀವು ಗಟ್ಟಿಯಾಗಿರಲು ನೋಡುತ್ತೇನೆ ಅಂದಿರಲ್ಲ, ಆ ಹೊತ್ತಿನಲ್ಲಿ ನಿಮ್ಮ ಮುಖ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ. ದೂರುತ್ತಿಲ್ಲ. ಅಳು ನುಂಗುವವರೆಲ್ಲರ ಮುಖವೂ ಸ್ವಲ್ಪ ಹಾಗೇ ಆಗುತ್ತದೆ. ವಾಟರ್ಸ್ ಅವರ ತಂಡವೇ 2020ರಲ್ಲಿ 7ರಿಂದ 11 ವರ್ಷದ ಮಕ್ಕಳ ಅಪ್ಪ ಅಮ್ಮಂದಿರಿಗೆ, ಒತ್ತಡವನ್ನು ತೋರಿಸದೆ ಮಗುವಿನ ಜೊತೆ ಮಾತಾಡಿ ಅಂತ ಹೇಳಿ ನೋಡಿತು. ಮುಚ್ಚಿಟ್ಟಾಗ ಇಬ್ಬರ ನಡುವಿನ ಬಿಸುಪು ಕಡಿಮೆಯಾಯಿತು. ದೊಡ್ಡವರದು ಮಾತ್ರವಲ್ಲ, ಮಕ್ಕಳದೂ. ನಿಮ್ಮ ಮೈ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ ಮಗುವಿಗೆ ಯಾವುದನ್ನು ನಂಬಬೇಕು ಅಂತ ತಿಳಿಯುವುದಿಲ್ಲ.

ಟ್ರೋನಿಕ್ ಹೇಳಿದ ಇನ್ನೊಂದು ವಿಷಯ ತಾಯಂದಿರಿಗೆ ಅಷ್ಟಾಗಿ ತಲುಪಿಲ್ಲ. ಆರೋಗ್ಯವಾಗಿರುವ, ಪ್ರೀತಿಯಿಂದಿರುವ ತಾಯಿ ಮಗು ಕೂಡ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಂಡಿರುವುದು ಸುಮಾರು 30 ಶೇಕಡಾ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪಿಹೋಗುತ್ತಿರುತ್ತಾರೆ, ಮತ್ತೆ ಸೇರುತ್ತಿರುತ್ತಾರೆ. ಮಗು ಕಲಿಯುವುದು ಆ ಮತ್ತೆ ಸೇರುವುದರಲ್ಲಿ. ಬೇಸರವಾದರೂ ಅದು ಮುಗಿಯುತ್ತದೆ, ಅಮ್ಮ ವಾಪಸ್ ಬರುತ್ತಾಳೆ ಅನ್ನುವುದನ್ನು ಅದರ ಮೈ ಕಲಿಯುತ್ತದೆ.

ಹಾಗಾಗಿ ಜೊತೆಮಿಡಿತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಈಸ್ಟ್ ಲಂಡನ್ ವಿಶ್ವವಿದ್ಯಾಲಯದ ಸ್ಯಾಮ್ ವಾಸ್ ಅವರ ತಂಡ ಒಂದು ವರ್ಷದ ಮಕ್ಕಳಿಗೂ ಅವರ ಹೆತ್ತವರಿಗೂ ಎದೆಬಡಿತ ಅಳೆಯುವ ಸಣ್ಣ ಸಾಧನ ಕಟ್ಟಿ, ಮನೆಯಲ್ಲಿ ಇಡೀ ದಿನ ದಾಖಲಿಸಿತು. ಪ್ರಯೋಗಾಲಯದ ಹತ್ತು ನಿಮಿಷವಲ್ಲ, ಊಟ, ಆಟ, ಸ್ನಾನ, ರಗಳೆ ಎಲ್ಲ ಸೇರಿದ ನಿಜವಾದ ದಿನ. ಹೆಚ್ಚು ಆತಂಕದ ಸ್ವಭಾವ ಇಲ್ಲದವರ ಮೈ ಮಗುವಿನ ಪ್ರತಿ ಸಣ್ಣ ಏರಿಳಿತಕ್ಕೂ ಕುಣಿಯುತ್ತಿರಲಿಲ್ಲ. ಮಗು ನಿಜಕ್ಕೂ ತುಂಬಾ ಕೆರಳಿದಾಗ ಮಾತ್ರ ಅವರ ಎದೆಬಡಿತ ಏರುತ್ತಿತ್ತು. ಜಾಸ್ತಿ ಆತಂಕದವರಲ್ಲಿ ಸಣ್ಣಪುಟ್ಟದ್ದಕ್ಕೂ ಏರುತ್ತಿತ್ತು. ಅಂದರೆ ಜೊತೆಮಿಡಿತ ಹೆಚ್ಚಿದ್ದದ್ದು ಆತಂಕದವರಲ್ಲಿ! ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಕಷ್ಟ ಜಾಸ್ತಿ ಇದ್ದ ಮನೆಗಳಲ್ಲಿ ಎದೆಬಡಿತದ ಹೊಂದಿಕೆ ಹೆಚ್ಚಿದ್ದ ಮಕ್ಕಳಿಗೆ ತಮ್ಮನ್ನು ತಾವು ಹಿಡಿತಕ್ಕೆ ತಂದುಕೊಳ್ಳುವುದು ಕಷ್ಟವಾಗಿತ್ತು. ಮಗು ಕೆಸರಿನಲ್ಲಿ ಸಿಕ್ಕಿಕೊಂಡರೆ ನೀವು ಒಂದು ಕಾಲು ಕೆಸರಿಗೆ ಇಡಬೇಕಾಗುತ್ತದೆ. ಇನ್ನೊಂದು ಕಾಲು ದಡದಲ್ಲಿರಬೇಕು.

ತಾಯಿಯಿಂದ ಮಗುವಿಗೆ ದಾಟುವುದು ಸಂಕಟ ಮಾತ್ರ ಅಲ್ಲ. ಸಮಾಧಾನವೂ ದಾಟುತ್ತದೆ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಡಾ. ಎಡ್ಗರ್ ರೇ ಅವರು ಕಡಿಮೆ ತೂಕದ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಅದೇ ಇವತ್ತಿನ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಹುಟ್ಟಿದ ತಕ್ಷಣವೇ ಇದನ್ನು ಶುರು ಮಾಡಿದರೆ ಮೊದಲ 28 ದಿನಗಳ ಸಾವು 25 ಶೇಕಡಾ ಕಡಿಮೆಯಾಗುತ್ತದೆ ಅಂತ ಅದು ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಹಬ್ಬಿಸುವ ದೊಡ್ಡ ಕೆಲಸ ನಡೆದಿದೆ. ಆ ತಾಯಂದಿರೆಲ್ಲ ನೆಮ್ಮದಿಯಾಗಿದ್ದರು ಅಂದುಕೊಂಡಿರಾ? ಒಂದೂವರೆ ಕಿಲೋ ಕೂಸನ್ನು ಎದೆಗೆ ಕಟ್ಟಿಕೊಂಡವಳಿಗೆ ಎಂಥ ನೆಮ್ಮದಿ! ಹೆದರಿಕೆ ಇದ್ದೂ ಅವರ ಮೈ ಕೂಸಿನ ಉಸಿರು, ಶಾಖ ಕಾಪಾಡಿತು. ನಿಮ್ಮ ಮಡಿಲೂ ದುಃಖ ಇದ್ದ ಮಾತ್ರಕ್ಕೆ ಕೆಟ್ಟುಹೋಗಿಲ್ಲ.

ಮುಂದೆ ಹಾಗೆ ಗಂಟಲು ಕಟ್ಟಿದಾಗ ಅವಳನ್ನು ತೊಡೆಯಿಂದ ಇಳಿಸಬೇಡಿ. ಮೊದಲು ಉಸಿರು ಬಿಡಿ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ನಿಧಾನವಾಗಲಿ, ನಾಲ್ಕೈದು ಸಲ. ಉಸಿರು ಒಳಗೆ ಹೋಗುವಾಗ ಎದೆಬಡಿತ ಚೂರು ಜೋರಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ಆ ವೇಗಸ್ ನರದ ಕೆಲಸವೇ ಅದು. ಅವಳ ಬೆನ್ನಿಗೂ ನಿಮ್ಮ ಎದೆಯ ಇಳಿತ ತಾಗುತ್ತದೆ. ಆಮೇಲೆ ಅವಳ ಮಾತಿನಲ್ಲೇ ಹೇಳಿ: "ಅಮ್ಮಂಗೆ ತಾತ ನೆನಪಾದ್ರು ಪುಟ್ಟಿ. ಅದಕ್ಕೆ ಅಳು ಬಂತು. ನೀನೇನೂ ಮಾಡಿಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ." ಇದರಲ್ಲಿ "ನೀನೇನೂ ಮಾಡಿಲ್ಲ" ಅನ್ನುವುದನ್ನು ಬಿಡಲೇಬೇಡಿ. ಆಟಿಕೆ ಮುರಿದ ಮಗುವಿನ ಹಾಗೆ, ಈ ವಯಸ್ಸಿನವರು ಎಲ್ಲವೂ ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರೆ. ಅವಳು ನಿಮ್ಮ ಕಣ್ಣು ಒರೆಸಿದರೆ ಒರೆಸಲಿ. ಆದರೆ ನಿಮ್ಮನ್ನು ಸಮಾಧಾನ ಮಾಡುವುದು ದಿನಾ ಅವಳ ಕೆಲಸವಾಗದಿರಲಿ. ಅದಕ್ಕೆ ದೊಡ್ಡವರು ಬೇಕು.

ಬಿಕ್ಕಿ ಬಿಕ್ಕಿ ಅಳು ಬಂದರೆ ಅವಳನ್ನು ಅತ್ತೆಯ ಕೈಗೋ ಯಜಮಾನರ ಕೈಗೋ ಕೊಟ್ಟು ಒಳಗೆ ಹೋಗಿ ಅತ್ತುಬಿಡಿ. ಈ ಅಧ್ಯಯನಗಳಲ್ಲಿ ತಾಯಂದಿರೇ ಜಾಸ್ತಿ ಇದ್ದಾರೆ, ನಿಜ. ಹಾಗಂತ ಮಗುವಿನ ಮೈ ಅಪ್ಪನ ಜೊತೆ, ಅಜ್ಜಿಯ ಜೊತೆ ಹೊಂದಿಕೊಳ್ಳುವುದಿಲ್ಲ ಅಂತ ಅಲ್ಲ. ಅತ್ತೆಗೂ ಇದನ್ನು ಓದಿ ಹೇಳಿ. "ಅದಕ್ಕೂ ತಾಗುತ್ತೆ" ಅನ್ನುವವರು ಮಗುವನ್ನು ಹತ್ತು ನಿಮಿಷ ಎತ್ತಿಕೊಂಡರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ದಿನವೂ ಹೆಚ್ಚು ಹೊತ್ತು ಅಳು ಬರುತ್ತಿದ್ದರೆ, ನಿದ್ದೆ ಊಟ ತಪ್ಪಿದ್ದರೆ, ಮಗಳ ಜೊತೆ ಇದ್ದರೂ ಏನೂ ಅನ್ನಿಸದಂತಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ವಾಚು ಬೇಡ. ಅವು ದೊಡ್ಡವರ ಮಣಿಕಟ್ಟಿಗೆ ಮಾಡಿದವು. ಅಷ್ಟು ಸಣ್ಣ ಕೈಯಲ್ಲಿ ಸರಿಯಾಗಿ ಕೂರುವುದಿಲ್ಲ. ಮನೆ ತುಂಬ ಓಡುವ ಮಗುವಿನ ಬಡಿತ ಗಳಿಗೆಗೊಂದು ಸಲ ಏರುತ್ತದೆ, ನೀವು ಪ್ರತಿ ಸಲವೂ ಬೆಚ್ಚುತ್ತೀರಿ. ಲಂಡನ್ನಿನ ಆತಂಕದ ಅಪ್ಪ ಅಮ್ಮಂದಿರ ಹಾಗೆ ಆಗಿಬಿಡುತ್ತದೆ. ಸುಮ್ನೆ ಕೂತಿದ್ದಾಗಲೂ ಎದೆ ತುಂಬಾ ಜೋರಾಗಿ ಹೊಡೆದುಕೊಂಡು ಮಗು ಬಿಳಚಿಕೊಂಡರೆ, ತಲೆಸುತ್ತಿ ಬಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಬೇರೆ ವಿಷಯ.

ಇನ್ನು ಆ ಟಿವಿ. ಮರಿಯಾನೆ ಅಮ್ಮನನ್ನು ಹುಡುಕುತ್ತಿತ್ತು, ನಿಮ್ಮ ಎದೆ ಏರಿತು, ಅವಳದೂ ಏರಿತು, ಅವಳು ನಿಮ್ಮ ಮುಖ ನೋಡಿ ಕೇಳಿದಳು. ಅಷ್ಟರಲ್ಲಿ ಟಿವಿ ಆರಿಹೋಯಿತು. ಏರಿದ್ದು ಇಳಿಯುವ ಭಾಗ ಅವಳಿಗೆ ಸಿಗಲೇ ಇಲ್ಲ. ಆ ಕಾರ್ಯಕ್ರಮ ಮತ್ತೆ ಎಲ್ಲಾದರೂ ಸಿಗುತ್ತದಾ ಹುಡುಕಿ. ಮೊದಲು ನೀವೊಬ್ಬರೇ ಕೊನೆಯವರೆಗೂ ನೋಡಿ. ಮರಿ ಅಮ್ಮನ ಹತ್ತಿರ ಸೇರಿದ್ದರೆ ಅವಳನ್ನು ಅದೇ ತೊಡೆಯ ಮೇಲೆ ಕೂರಿಸಿಕೊಂಡು ಪೂರ್ತಿ ತೋರಿಸಿ. ಸೇರದಿದ್ದರೆ ಟಿವಿ ಬೇಡ, ಆ ಕಥೆಯನ್ನು ರಾತ್ರಿ ಮಲಗುವಾಗ ನೀವೇ ಮುಂದುವರಿಸಿ. ಮರಿಯಾನೆಗೆ ಏನಾಯಿತು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ.